ಮಾಳಿಗೆ ಮೇಲಿಂದ ಬರುತ್ತಿದ್ದ ಆಯಿ

ಸಂಶಿಯ ಆ ಮನೆಗೆ ನಾವು ಬಾಡಿಗೆಗೆ ಬಂದ ಹೊಸತು. ಶಾಲೆಯಿಂದ ಮಧ್ಯಾಹ್ನ ಬಂದವಳೇ ಅಡಿಗೆಮನೆಯಲ್ಲಿ ಸೀಮೆಎಣ್ಣೆ ಸ್ಟೋ ಹಚ್ಚಿ ಅನ್ನಕ್ಕೆ ಇಟ್ಟಿದ್ದೆ. ಇದ್ದಕ್ಕಿದ್ದಂತೆ ಒಳಗೆ ಕತ್ತಲಾಯಿತು. ತಲೆಯೆತ್ತಿ ನೋಡಿದರೆ ಬೆಳಕಿಂಡಿಯ ತುಂಬ ಒಂದು ಮುಖ. ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಆ ಕಿಂಡಿಯಲ್ಲಿ ಅಲ್ಲಿಯವರೆಗೆ ನಾನು ಕಂಡಿದ್ದು ಒಂದಿಷ್ಟು ಆಕಾಶ, ಆಗೊಮ್ಮೆ ಈಗೊಮ್ಮೆ ಒಂದು ಬೆಕ್ಕು, ಅಷ್ಟೇ.

"ಯಾರವಾ ಒಳಗ? ಬಾಡಗಿಯವರೇನು?"

"ಹೌದ್ರಿ."

"ನೀವು ಬಂದಾಗಿಂದ ನೋಡಾಕತ್ತೀನಿ, ಈ ಕಿಂಡ್ಯಾಗ ಹೊಗಿ ಕಾಣವಲ್ದು. ಉಣ್ಣೂದಿಲ್ಲೇನು ನೀವು?"

"ಸ್ಟೋ ಐತ್ರಿ. ಅದಕ್ಕ ಹೊಗಿ ಇಲ್ಲ."

"ನಿನಗ ಸ್ಟೋ ಐತಿ. ತೊಲಿಗೆ ಏನೈತಿ?"

ಮುಖ ಸರಿಯಿತು, ಬೆಳಕು ಮರಳಿ ಬಂತು. ಮೊದಲು ನಗು ಬಂತು, ಅನ್ನ ಬೇಯುವ ಹೊತ್ತಿಗೆ ಸಿಟ್ಟು ಬಂತು. ನಾನು ಕಲಘಟಗಿ ಕಡೆಯ ಬಮ್ಮಿಗಟ್ಟಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮಲ್ಲಿ ಹಂಚಿನ ಮನೆಗಳು. ಯಾರಾದರೂ ಮೇಲೆ ಹತ್ತಿದರೆ ಒಂದೋ ಹಂಚು ಕೈಯಾಡಿಸುವವನು, ಇಲ್ಲವೇ ಕಳ್ಳ. ಮುದುಕಿಯೊಬ್ಬಳು ನೆತ್ತಿಯ ಮೇಲೆ ಬಂದು ನಿಂತು ನನ್ನ ಒಲೆಯ ವಿಚಾರ ಕೇಳುವುದು ಯಾವ ಊರ ರೀತಿ ಎಂದು ಸಂಜೆ ಯಜಮಾನರ ಮುಂದೆ ಹರಿಹಾಯ್ದೆ. ಅವರು ಕುಂದಗೋಳದಲ್ಲಿ ಕಚೇರಿ ಕೆಲಸ ಮುಗಿಸಿ ಬಸ್ಸಿನಲ್ಲಿ ನಿಂತು ಬಂದಿದ್ದರು. "ಬಾಜೂ ಮನಿ ಆಯಿ ಇರಬೇಕು. ಅಕಿ ಎಲ್ಲಾರ ಮನಿಗೂ ಹಂಗ ಬರತಾಳಂತ" ಎಂದು ಹೇಳಿ ಕಾಲು ತೊಳೆಯಲು ಹೋದರು.

ಎರೆಭೂಮಿಯ ಆ ಊರಲ್ಲಿ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಗೋಡೆಗೆ ಗೋಡೆ ಹತ್ತಿಕೊಂಡು ನಿಂತಿರುತ್ತವೆ. ಓಣಿಯ ಈ ತುದಿಯಲ್ಲಿ ಏಣಿ ಹತ್ತಿದರೆ ಆ ತುದಿಯಲ್ಲಿ ಇಳಿಯಬಹುದು. ಗಂಡಸರು ಕೆಳಗೆ ಓಡಾಡಿದರೆ ಮೆಣಸಿನಕಾಯಿ, ಸಂಡಿಗೆ, ಶ್ಯಾವಿಗೆ ಒಣಹಾಕುವ ಹೆಂಗಸರದು ಮೇಲಿನ ದಾರಿ. ಆಯಿ ಆ ದಾರಿಯನ್ನು ಬಿಟ್ಟು ಕೆಳಗೆ ನಡೆದದ್ದನ್ನು ನಾನು ನೋಡಿದ್ದು ಕಡಿಮೆ. ಓಣಿಯ ಎಲ್ಲರಿಗೂ ಅವಳು ಆಯಿ. ಹೊಲಮನೆ ಚೆನ್ನಾಗಿದ್ದ ಮನೆತನ, ಹೇಳಿದ ಮಾತು ನಡೆಯುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಉದ್ದನೆಯ ಆಳು, ಹಣೆಯ ತುಂಬ ವಿಭೂತಿ, ಸೀರೆಯ ನಿರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು ಹೆಜ್ಜೆ ಹಾಕಿದಳೆಂದರೆ ಕೆಳಗಿದ್ದ ನಮಗೆ ಅದು ಅವಳದೇ ಹೆಜ್ಜೆ ಎಂದು ತಿಳಿಯುತ್ತಿತ್ತು. ಹಿಮ್ಮಡಿ ಊರಿ ನಡೆಯುವಳು. ಎರಡು ಹೆಜ್ಜೆ ಇಟ್ಟು ನಿಲ್ಲುವಳು, ಮತ್ತೆ ಅಲ್ಲೇ ಹಿಮ್ಮಡಿ ಕುಟ್ಟುವಳು. ಮಣ್ಣು ಬಿಗಿಯಾಗಿದ್ದರೆ ಒಂದು ಸದ್ದು, ಒಳಗೆ ಇಲಿ ತೋಡಿ ಪೊಳ್ಳಾಗಿದ್ದರೆ ಬೇರೊಂದು ಸದ್ದು. ಪೊಳ್ಳು ಸಿಕ್ಕಿತೋ, ಹತ್ತಿರದ ಬೆಳಕಿಂಡಿಗೆ ಬಾಯಿ ಹಚ್ಚಿ ಆ ಮನೆಯವರನ್ನು ಕರೆದು ಬೈಯುವಳು.

ನಾನು ಅಕ್ಕೋರು, ಅಂದರೆ ಶಾಲೆಯಲ್ಲಿ ಕಲಿಸುವವಳು ಎಂದು ಗೊತ್ತಾದ ದಿನ ಒಂದು ಸಲ ಬಹುವಚನ ಹಚ್ಚಿ ಮಾತಾಡಿದಳು. ಮರುದಿನದಿಂದ ಮತ್ತೆ "ನೀ" ಎಂದೇ ಶುರು. ಹೆಸರು ಮಾತ್ರ ಅಕ್ಕೋರ ಎಂದೇ ಉಳಿಯಿತು.

"ಅಕ್ಕೋರ, ಕಟಗಿ ಒಲಿ ಹಚ್ಚು. ಹೊಗಿ ಬಡದ್ರ ಗೆದ್ದಲ ಹತ್ತೂದಿಲ್ಲ. ಜಂತಿ ಕರ್ರಗ ಇದ್ದಷ್ಟೂ ಮನಿ ಗಟ್ಟಿ."

"ನನ್ನ ಕಣ್ಣು ಉರೀತಾವ್ರಿ ಆಯಿ."

"ಕಣ್ಣಿಗೆ ನೀರು ಹಾಕ್ಕೋಬಹುದು, ತೊಲಿಗೆ ಹಾಕಾಕ ಬರೂದಿಲ್ಲ."

ಇಂಥವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ನಾನು ಶಾಲೆಯಲ್ಲಿ ದಿನವಿಡೀ ಬಾಯಿ ಹರಿದುಕೊಂಡು ಬಂದಿರುತ್ತಿದ್ದೆ, ಮನೆಯಲ್ಲೂ ಅದೇ ಮಾಡಲು ಶಕ್ತಿ ಇರುತ್ತಿರಲಿಲ್ಲ. ಹೂಂ ಎನ್ನುತ್ತಿದ್ದೆ, ಸ್ಟೋ ಹಚ್ಚುತ್ತಿದ್ದೆ.

ಊರಲ್ಲಿ ಯಾರೇ ಮನೆ ಕೊಳ್ಳಲಿ, ಆಯಿಯನ್ನು ಕರೆದುಕೊಂಡು ಹೋಗುವುದು ರೂಢಿಯಾಗಿತ್ತು. ಬಾಡಿಗೆಗೆ ಬಂದ ಮೊದಲ ವರ್ಷವೇ ನಾನೂ ಒಂದು ಸಲ ಅವಳ ಹಿಂದೆ ಹೋಗಿದ್ದೆ. ನಮ್ಮ ಶಾಲೆಯ ಇನ್ನೊಬ್ಬ ಅಕ್ಕೋರು ಊರಬಾಗಿಲ ಅಗಸಿಯ ಹತ್ತಿರ ಒಂದು ಮನೆ ನೋಡಿದ್ದರು. ಮನೆಯವರು ಹೊಸ ಸುಣ್ಣ ಹೊಡೆಸಿ ಕಾಯುತ್ತಿದ್ದರು. ಗಂಡಸರು ಬಾಗಿಲು ಅಳೆದರು, ಬಾವಿ ಇಣುಕಿದರು, ಹಿತ್ತಲಿನ ಕಲ್ಲು ಎಣಿಸಿದರು. ಆಯಿ ಏನೂ ಮಾಡಲಿಲ್ಲ. ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕುಳಿತು ಚಹಾ ಕುಡಿದಳು. ನಿಧಾನವಾಗಿ ಕುಡಿದಳು. ಎದ್ದಾಗ ಅವಳ ಕುಪ್ಪಸದ ಬೆನ್ನು ನನಗೆ ಕಂಡಿತು, ಅಲ್ಲಿ ಬರೀ ಸುಣ್ಣ ಹತ್ತಿರಲಿಲ್ಲ, ಬಟ್ಟೆ ಹಸಿಯಾಗಿತ್ತು. ಹೊರಗೆ ಬಿಸಿಲು ಕಾಯುತ್ತಿತ್ತು.

"ಮನ್ಯಾಗ ಮದವಿ ಐತೇನವಾ?" ಎಂದು ಮನೆಯೊಡತಿಯನ್ನು ಕೇಳಿದಳು.

"ಇಲ್ರಿ ಆಯಿ."

"ಹಬ್ಬಾನೂ ಇಲ್ಲ. ಮತ್ತ ಸುಣ್ಣ ಯಾಕ ಹೊಡದಿ?"

ಆ ಹೆಣ್ಣುಮಗಳು ತಲೆ ತಗ್ಗಿಸಿದಳು. ಗೋಡೆಯ ಆ ಕಡೆ ಬಾಜೂ ಮನೆಯ ಬಚ್ಚಲಿತ್ತಂತೆ. ನೀರು ಬುಡಕ್ಕೆ ಇಳಿದು ಗೋಡೆ ಒಳಗೊಳಗೇ ನೆನೆದಿತ್ತು. ಆಯಿ ಅವಳನ್ನು ಬೈಯಲಿಲ್ಲ, ನನಗೆ ಅದೇ ಆಶ್ಚರ್ಯ. ಪಕ್ಕದಲ್ಲಿ ಕೂರಿಸಿಕೊಂಡು, "ಮಾರಾಕ ನಿಂತಾಗ ಹುಳುಕು ನೀನ ಮೊದಲ ಹೇಳಬೇಕು ತಂಗಿ. ಕೊಳ್ಳಾವರು ತಾವ ಹುಡಿಕಿದ್ರ ಇರಲಾರದ ಹುಳುಕೂ ಕಾಣತಾವ ಅವರಿಗೆ" ಎಂದಳು. ಬಚ್ಚಲ ನೀರು ತಿರುಗಿಸಿ, ಗೋಡೆ ಒಣಗಿದ ಮೇಲೆ ಅದೇ ಮನೆಯನ್ನು ನಮ್ಮ ಅಕ್ಕೋರು ಕೊಂಡರು.

ಅವಳ ಉಪದೇಶಗಳಿಗೆ ಕ್ರಮ ಎಂಬುದಿರಲಿಲ್ಲ, ನೆನಪಾದಾಗ ನೆನಪಾದದ್ದು. ಮನೆ ನೋಡುವುದಾದರೆ ಮಳೆಗಾಲದಲ್ಲಿ ನೋಡಬೇಕು, ಬೇಸಿಗೆಯಲ್ಲಿ ಎಲ್ಲ ಮನೆಯೂ ಒಳ್ಳೆಯದೇ. ಮಳೆಯಲ್ಲಿ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲಾದರೆ ಅಡಿಯ ಎರೆಮಣ್ಣು ಮನೆಯನ್ನು ಎತ್ತಿ ಇಳಿಸುತ್ತಿದೆ ಎಂದು ತಿಳಿಯಬೇಕು. ಯಜಮಾನನನ್ನು ಏನೂ ಕೇಳಬಾರದು, ಅವನಿಗೆ ಉಣ್ಣುವುದು ಮಲಗುವುದು ಬಿಟ್ಟು ಮನೆಯ ವಿಷಯ ಏನು ಗೊತ್ತು? ಅಡಿಗೆ ಮಾಡುವವಳನ್ನು ಕೇಳಬೇಕು, ಮಳೆ ಬಂದಾಗ ಪಾತ್ರೆ ಎಲ್ಲೆಲ್ಲಿ ಇಡುತ್ತೀ ಎಂದು. ಒನಕೆಯಿಂದ ತೊಲೆಯ ತುದಿಯನ್ನೇ ಬಡಿದು ನೋಡಬೇಕು, ನಡುವೆ ಬಡಿದು ಉಪಯೋಗವಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಬಾರದು. ಅದು ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ. ಅಂಗಡಿಯವರೊಬ್ಬರು ಹೇಗೋ ಗಿಟ್ಟಿಸಿಕೊಂಡು ಬಂದು ಮುಂದಿನ ಮಣ್ಣಿನ ಗೋಡೆಗೆಲ್ಲ ಬಳಿಸಿ, ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೆಲವು ಮಳೆ ಕಳೆಯುವುದರೊಳಗೆ ಒಳಗಿನ ಹಸಿ ಹೊರಬರಲಾರದೆ ಗೋಡೆ ಹೊಟ್ಟೆ ಬಿಟ್ಟು ನಿಂತಿತು. ಅವರು ಕುರ್ಚಿಯನ್ನು ಎದುರಿನ ಕಟ್ಟೆಗೆ ಒಯ್ದು ಹಾಕಿಕೊಂಡರು.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುವ ದಿನಗಳಲ್ಲಂತೂ ಆಯಿಯನ್ನು ಹಿಡಿಯುವವರಿಲ್ಲ. ಹುಲ್ಲು ಹುಟ್ಟದ, ನೀರು ಕೆಳಗಿಳಿಯಲು ಬಿಡದ ಮಣ್ಣು ಅದು. ಪ್ರತಿಯೊಬ್ಬರೂ ತಮ್ಮ ಮಾಳಿಗೆಗೆ ತಾವು ಹಾಕಿಸುತ್ತಾರೆ. ಆದರೆ ಎರಡು ಮನೆಯ ನಡುವಿನ ಕೂಡುಗೋಡೆಯ ನೆತ್ತಿಯ ಮೇಲಿನ ಪಟ್ಟಿಯನ್ನು ಅವರು ಹಾಕುತ್ತಾರೆಂದು ಇವರು, ಇವರು ಹಾಕುತ್ತಾರೆಂದು ಅವರು ಬಿಟ್ಟಿರುತ್ತಾರೆ. ನಮ್ಮಿಬ್ಬರ ಮನೆಯ ನಡುವಿನ ಆ ಪಟ್ಟಿಗೆ ಆಯಿ ತಾನೇ ಕುಕ್ಕರಗಾಲಲ್ಲಿ ಕುಳಿತು ಮಣ್ಣು ಹರವಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿಯುವಳು. "ಇದು ಯಾರದೂ ಅಲ್ಲ ಅಂತ ಬಿಡತಾರ. ಅದಕ್ಕ ಇಲ್ಲೇ ಸೋರತೈತಿ" ಎಂದು ಪ್ರತಿ ವರ್ಷ ಅದೇ ಮಾತು. ಆಳಿನ ಕೈಗೆ ಆ ಕೆಲಸ ಕೊಟ್ಟದ್ದನ್ನು ನಾನು ಕಾಣೆ.

ಅವಳು ಹೇಳಿದ್ದೆಲ್ಲ ಸರಿಯಾಗಿತ್ತು ಎಂದೇನಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವಿದ್ದ ಮನೆಯ ಮಾಲಕರು ಅದನ್ನು ಮಾರುವುದಾಗಿ ಹೇಳಿ ಕಳಿಸಿದರು. ಅವರು ಬೇರೆ ಯಾರೂ ಅಲ್ಲ, ಆಯಿಯ ಮೈದುನನ ಮಗ, ಕುಬಿಹಾಳದಲ್ಲಿ ಹೆಂಡತಿಯ ಕಡೆಯ ಹೊಲ ಮಾಡಿಕೊಂಡು ಅಲ್ಲೇ ಇದ್ದರು. ಹಿಂದೆ ಆಯಿಯ ಮನೆ, ನಮ್ಮ ಮನೆ ಎರಡೂ ಸೇರಿ ಒಂದೇ ಮನೆ. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಬಂದಿತ್ತು. ಮನೆ ಮಾರುವಾಗ ಕೂಡುಗೋಡೆಯವರನ್ನು ಮೊದಲು ಕೇಳಬೇಕು, ಅವರು ಬೇಡವೆಂದರೆ ಮಾತ್ರ ಹೊರಗಿನವರಿಗೆ, ಇದು ಅಲ್ಲಿಯ ನಡಾವಳಿ. ಕೇಳಿದಾಗ ಆಯಿಯ ಹಿರಿಯ ಮಗ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ, ವಿಚಾರ ಮಾಡುತ್ತೇನೆ ಎಂದ. ಅವನ ಮನೆಯಲ್ಲಿ ಮೆಣಸಿನಕಾಯಿ ಚೀಲ ಇಡಲು ಜಾಗ ಸಾಲುತ್ತಿರಲಿಲ್ಲ. ನಮ್ಮ ಮನೆ ಸಿಕ್ಕರೆ ಒಳ್ಳೆಯ ಕೋಠಿಯಾಗುತ್ತಿತ್ತು.

ನನಗೆ ಆ ಮನೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತು ಎಂದರೆ, ಬಾಯಿ ಬಿಟ್ಟು ಹೇಳಲು ಹೆದರಿಕೆಯಾಗುವಷ್ಟು. ಮದುವೆಯಾದಾಗಿನಿಂದ ಮೂರು ಊರಿನ ಬಾಡಿಗೆ ಮನೆ ಕಂಡಿದ್ದೆ. ಪ್ರತಿ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯುವ ಮುಂಚೆ ಯಾರನ್ನೋ ಕೇಳಬೇಕು. ಇಲ್ಲಿ ನನ್ನ ಶಾಲೆ ಇತ್ತು, ನನ್ನ ಎರಡೂ ಮಕ್ಕಳು ಈ ಪಡಸಾಲೆಯಲ್ಲೇ ನಡೆಯಲು ಕಲಿತಿದ್ದರು. ಇದು ಕೈಬಿಟ್ಟರೆ ಮತ್ತೆ ಗಂಟುಮೂಟೆ ಕಟ್ಟಬೇಕು, ಮತ್ತೆ ಯಾರದೋ ಮೊಳೆ.

ಆಯಿ ಮಾಳಿಗೆಯಿಂದ ಏಣಿ ಇಳಿದು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಳು. ನಾನು ಚಹಾ ಕೊಟ್ಟೆ. ಯಜಮಾನರೂ ಇದ್ದರು, ಆದಿತ್ಯವಾರ.

"ಮನಿ ತಗೋತೀರಂತ."

"ನೀವು ಬ್ಯಾಡಂದ್ರ ತಗೋತೀವ್ರಿ" ಎಂದರು ಯಜಮಾನರು.

ಅವಳು ಮನೆಯ ಹುಳುಕು ಹೇಳಲು ಶುರುಮಾಡಿದಳು. ಈ ತೊಲೆಯ ತುದಿ ಕೂಡುಗೋಡೆಯೊಳಗೆ ಗೆದ್ದಲು ತಿಂದಿದೆ, ಬಡಿದು ನೋಡು. ಹಿತ್ತಲ ಗೋಡೆಗೆ ಬುನಾದಿ ಇಲ್ಲ, ನಮ್ಮ ಮೈದುನ ಅವಸರದಲ್ಲಿ ಕಟ್ಟಿಸಿದ್ದು. ನಮ್ಮ ಮಾಳಿಗೆಯ ನೀರು ತಗಡಿನ ದೋಣಿಯಿಂದ ನಿಮ್ಮ ಹಿತ್ತಲಿಗೇ ಬೀಳುತ್ತದೆ, ಅದನ್ನು ನಾವು ತಿರುಗಿಸಲು ಬರುವುದಿಲ್ಲ. ಅಡಿಗೆಮನೆಯ ಮೂಲೆ ಇಳಿದಿದೆ. ಹೇಳುತ್ತ ಹೇಳುತ್ತ ಅವಳು ಚಹಾ ಮುಗಿಸಿ, ಬಟ್ಟಲನ್ನು ತಾನೇ ತೊಳೆದಿಟ್ಟು ಏಣಿ ಹತ್ತಿದಳು.

ಯಜಮಾನರ ಮುಖ ಬಿಗಿದಿತ್ತು. "ತಿಳೀತಿಲ್ಲೋ ನಿನಗ? ನಾವು ಬ್ಯಾಡಂದ್ರ ಮಗಗ ಸಸ್ತಾದಾಗ ಸಿಗತೈತಿ. ಅದಕ್ಕ ಬಂದಾಳ."

ನನಗೆ ಹಾಗೆ ಅನಿಸಲಿಲ್ಲ. ಆದರೆ ಹಾಗಲ್ಲ ಎಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಎಷ್ಟಾದರೂ ಅವಳ ಮಗ. ಸುಮ್ಮನೆ ಮನಸ್ಸಿನಲ್ಲಿ ಕೊರೆಯುವುದಕ್ಕಿಂತ ಕೇಳಿಬಿಡುವುದು ಲೇಸೆಂದು ಸಂಜೆ ನಾನೇ ಮೊದಲ ಸಲ ಅವಳ ದಾರಿಯಲ್ಲಿ ಹೋದೆ, ಏಣಿ ಹತ್ತಿ ಮಾಳಿಗೆಯ ಮೇಲೆ. ಆಯಿ ಒಣಗಿದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ಘಾಟಿಗೆ ನನಗೆ ಸೀನು ಬಂತು.

"ಆಯಿ, ಈ ಮನಿ ನಾವು ತಗೋಬಾರದಂತ ನಿಮ್ಮ ಮನಸ್ನ್ಯಾಗ ಐತೇನ್ರಿ?"

ಅವಳು ಕೈ ನಿಲ್ಲಿಸಲಿಲ್ಲ. "ನನ್ನ ಮನಸಿನ ಮಾತು ಬ್ಯಾರೆ, ಮನಿ ಮಾತು ಬ್ಯಾರೆ. ನಾ ಮನಿ ಮಾತು ಹೇಳಿದ್ನಿ."

"ಹಂಗಾರ ಎಲ್ಲಾ ಹೇಳಿದ್ರೇನ್ರಿ?"

ಈಗ ಕೈ ನಿಂತಿತು. ಬಿಡುಬೀಸಾಗಿ ಮಾತಾಡುವ ಹೆಂಗಸು ತಡೆದು ತಡೆದು ಮಾತಾಡಿದ್ದನ್ನು ಆಗಲೇ ಕಂಡದ್ದು.

"ಒಂದು ಉಳದೈತಿ. ನಾಳೆ ಮುಂಜಾನೆ ನಿನ್ನ ಗಂಡನ್ನ ಕರಕೊಂಡು ನಮ್ಮ ಮನಿಗೆ ಬಾ. ಕೆಳಗಿನ ಬಾಗಲದಿಂದ ಬಾ."

ಮರುದಿನ ಹೋದಾಗ ಅವರ ಪಡಸಾಲೆಯಲ್ಲಿ, ಕೂಡುಗೋಡೆಯ ಹತ್ತಿರ ನೆಲದ ಒಂದು ಕಲ್ಲು ಎಬ್ಬಿಸಿದ್ದರು. ಕೆಳಗೆ ಹಗೇವು. ಜೋಳ ತುಂಬಿಡುವ ನೆಲಗುಣಿ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹಿಂದಿನ ದಿನ ಸಂಜೆಯೇ ತೆರೆದಿಟ್ಟಿದ್ದರಂತೆ. ಹಗೇವಿನ ಜೋಳಕ್ಕೆ ಒಂದು ವಾಸನೆ ಇರುತ್ತದೆ, ಹುಳಿಯೂ ಅಲ್ಲ, ಮಣ್ಣೂ ಅಲ್ಲ. ಅದು ಮನೆಯ ತುಂಬ ಇತ್ತು. ಆಯಿ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಟ್ಟಳು. ದೀಪ ಆರಲಿಲ್ಲ. ಆಮೇಲೆ ಆಳನ್ನು ಇಳಿಸಿದಳು. ಜೋಳ ಅರ್ಧಕ್ಕೆ ಬಂದಿತ್ತು, ಅವನು ಅದರ ಮೇಲೆ ಬಗ್ಗಿ ನಿಂತ. ಕೈಗೆ ಹಾರೆ ಕೊಟ್ಟರು.

ಹಿರಿಯ ಮಗ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ.

"ಅಕ್ಕೋರ, ನೀ ನಿಮ್ಮ ಪಡಸಾಲಿಗೆ ಹೋಗಿ ನಿಂದ್ರು. ಏನ್ ಕೇಳತೈತಿ ನೋಡು" ಎಂದಳು ಆಯಿ.

ನಾನು ಸುತ್ತಿ ಬಂದು ನಮ್ಮ ಪಡಸಾಲೆಯಲ್ಲಿ ನಿಂತೆ. ಮಕ್ಕಳ ಮಂಚ ಕೂಡುಗೋಡೆಗೆ ಹತ್ತಿಕೊಂಡೇ ಇತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಂಚದ ಅಡಿಯಿಂದ, ನೆಲದ ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ ಸದ್ದು ಬಂತು. ಮತ್ತೆ ಬಂತು. ಮಂಚದ ಮೇಲಿಟ್ಟಿದ್ದ ನನ್ನ ಕೈಗೆ ಅದು ತಾಗಿತು.

ಹಗೇವಿನ ಬಾಯಿ ಅವರ ಮನೆಯಲ್ಲಿ, ಹೊಟ್ಟೆ ನಮ್ಮ ಮನೆಯ ಕೆಳಗೆ. ಅಣ್ಣತಮ್ಮಂದಿರು ಮೇಲೆ ಗೋಡೆ ಹಾಕಿದರು, ಕೆಳಗೆ ಯಾರು ಹಾಕುತ್ತಾರೆ? ಇಷ್ಟು ವರ್ಷ ನನ್ನ ಮಕ್ಕಳು ಪೊಳ್ಳಿನ ಮೇಲೆ ಮಲಗಿದ್ದರು. ನಾನು ಮಂಚವನ್ನು ಒಬ್ಬಳೇ ಎಳೆದು ಆ ಕಡೆಯ ಗೋಡೆಗೆ ಹಾಕಿದೆ. ಅಷ್ಟು ಶಕ್ತಿ ಎಲ್ಲಿಂದ ಬಂತೋ ತಿಳಿಯದು.

ತಿರುಗಿ ಹೋದಾಗ ತಾಯಿ ಮಗನ ಮಾತು ನಡೆದಿತ್ತು.

"ಇಷ್ಟ ವರ್ಷ ಏನೂ ಆಗಿಲ್ಲ ಯವ್ವಾ. ಯಾಕ ಹೇಳಾಕ ಹೋದಿ?"

"ಬಾಡಗಿಯವರಿದ್ರು, ಸೆಗಣಿ ಸಾರಿಸ್ಕೊಂಡು ಇದ್ರು. ಈಗ ತಮ್ಮದಾದ ಮ್ಯಾಲೆ ಸುಮ್ನ ಇರತಾರೇನು? ಫರಸಿ ಕಲ್ಲು ಹಾಸತಾರ. ದಿನಾ ನೀರು ಹಾಕಿ ತೊಳೀತಾರ. ಸಂದ್ಯಾಗಿಂದ ನೀರು ಇಳದು ಇಳದು ಒಂದಿನ ಕಲ್ಲು, ಮಂಚ, ಹುಡುಗ್ರು ಎಲ್ಲಾ ನನ್ನ ಜ್ವಾಳದಾಗ ಬಂದು ಬೀಳ್ತಾವ."

"ಹಂಗಾರ ಬಿಡು. ಅವರಿಗೆ ಬ್ಯಾಡಾದ್ರ ನಾವ ತಗೊಳ್ಳೂಣು."

ಯಜಮಾನರು ನನ್ನ ಕಡೆ ನೋಡಿದರು. ನಾನು ಹೇಳಿರಲಿಲ್ಲವೇ ಎಂಬ ನೋಟ. ಇಂಥ ಹುಳುಕು ಗೊತ್ತಾದ ಮೇಲೆ ನಾವು ಕೊಳ್ಳುವ ಹಾಗಿರಲಿಲ್ಲ, ಹೊರಗಿನವರೂ ಕೊಳ್ಳುವ ಹಾಗಿರಲಿಲ್ಲ. ಮನೆ ಮಗನ ಕೈಗೆ ತಾನಾಗಿ ಬಂದು ಬಿದ್ದಂತಾಗಿತ್ತು.

ಆಯಿ ಹಗೇವಿನ ಬಾಯಿಯ ಪಕ್ಕ ಕುಳಿತಳು. ಅಂಚಿನ ಕಲ್ಲನ್ನು ಅಂಗೈಯಿಂದ ಒರೆಸಿದಳು.

"ಹಗೇವು ನಮ್ಮದು. ಹುಳುಕು ನಮ್ಮದು. ಜ್ವಾಳ ತಗದು, ನಾವ ತುಂಬಿಸಿ ಕೊಡತೀವಿ. ಆಮ್ಯಾಲೆ ಅವರು ತಗೋತಾರ."

"ಯವ್ವಾ, ಇದು ನಿಮ್ಮ ಅತ್ತಿ ಕಾಲದ್ದು."

"ಹೌದು. ನನ್ನ ಅತ್ತಿ ನನ್ನ ಇದರಾಗ ಇಳಿಸಿ ಹುಲ್ಲು ಹೊದಸೂದು ಕಲಿಸಿದ್ಳು. ಅದಕ್ಕ ನಾನ ಮುಚ್ಚಸ್ತೀನಿ."

ಮಗ ಧ್ವನಿ ಎತ್ತಲಿಲ್ಲ, ಅದು ಆ ಮನೆಯ ರೀತಿಯಲ್ಲ. "ಆ ಮನಿ ನಮಗ ಬೇಕಾಗಿತ್ತು" ಎಂದಷ್ಟೇ ಹೇಳಿದ.

"ನೀ ಅಲ್ಲಿ ಚೀಲಾ ತುಂಬಿ ಕೀಲಿ ಹಾಕ್ತಿ. ಮನಿಗೆ ಚೀಲಾ ಬ್ಯಾಡ, ಒಲಿ ಹಚ್ಚಾಕಿ ಬೇಕು. ಒಲಿ ಇಲ್ಲದ ಮನಿ ಬಿದ್ರ ಕೂಡುಗ್ವಾಡಿ ಹಿಡಕೊಂಡು ಬೀಳತೈತಿ. ಆ ಮ್ಯಾಲೆ ನಮ್ಮದೂ ಉಳಿಯೂದಿಲ್ಲ."

ಅವನು ಹೊರಗೆ ನಡೆದ. ಯಜಮಾನರಿಗೆ ನಾಚಿಕೆಯಾಗಿತ್ತು. "ಆಯಿ, ನಾವು ಬ್ಯಾರೆ ತಿಳಕೊಂಡಿದ್ವ್ರಿ" ಎಂದು ಕೈ ಹಿಸುಕಿಕೊಂಡರು.

"ತಿಳಕೋಬೇಕಪ್ಪಾ. ಮನಿ ತಗೊಳ್ಳಾವರು ಅನುಮಾನ ಪಡಬೇಕು. ನಾನೂ ಪಡತಿದ್ನಿ" ಎಂದಳು, ಅದೊಂದು ದೊಡ್ಡ ಮಾತೇ ಅಲ್ಲವೆಂಬಂತೆ.

ಹಗೇವು ತುಂಬಿಸುವುದನ್ನು ಅವಳು ಆಳುಗಳಿಗೆ ಬಿಡಲಿಲ್ಲ. ಮಗ ಮನೆಯ ಕಸಕಡ್ಡಿ, ಒಡೆದ ಹಂಚು ಎಲ್ಲ ಅದಕ್ಕೇ ಸುರಿಯಿರಿ ಎಂದಿದ್ದನಂತೆ. ಅದನ್ನು ಕೇಳಿ ಅವಳು ಗಾಡಿಯನ್ನೇ ತಿರುಗಿಸಿ ಕಳಿಸಿದಳು. ಕಸ ಕೊಳೆತು ತಗ್ಗುತ್ತದೆ, ಮೇಲಿನ ನೆಲ ಅದರ ಹಿಂದೆ ಇಳಿಯುತ್ತದೆ. ಬರೀ ಗರಸು, ಆ ಕೆಂಪು ಒರಟು ಮಣ್ಣು, ಗಾಡಿಗಟ್ಟಲೆ ತರಿಸಿದಳು. ಒಂದು ಪದರ ಹಾಕಿ, ನೀರು ಬಿಟ್ಟು, ದಿಮ್ಮಸಿನಿಂದ ಬಡಿಸಿ, ಆರಲು ಬಿಟ್ಟು, ಆಮೇಲೆ ಇನ್ನೊಂದು ಪದರ. ಅವಸರ ಮಾಡಿದ ಆಳಿಗೆ ಬೈಗುಳ. ನಾನು ಶಾಲೆಯಿಂದ ಬಂದಾಗೆಲ್ಲ ನಮ್ಮ ನೆಲದ ಅಡಿಯಲ್ಲಿ ಆ ಬಡಿತ ಕೇಳುತ್ತಿತ್ತು. ದಿನದಿನಕ್ಕೆ ಅದು ಮೇಲೆ ಮೇಲೆ ಬರುತ್ತಿತ್ತು, ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಅದನ್ನು ಕೇಳುತ್ತ ನನಗೆ ಮೊದಲ ಸಲ, ಇದು ನನ್ನ ಮನೆ ಎನಿಸಿತು.

ಹಗೇವಿನ ಜೋಳವನ್ನು ಓಣಿಯ ಎಲ್ಲ ಮನೆಗೂ ಹಂಚಿದಳು. ಹಗೇವಿನ ಬಾಯಿ ಮುಚ್ಚಿದ ದಿನ ನಾನು ಅದೇ ಜೋಳದ ರೊಟ್ಟಿ ಬಡಿದು ಅವಳಿಗೆ ಒಯ್ದೆ. ನನ್ನ ರೊಟ್ಟಿ ಎಂದರೆ ಅವಳಿಗೆ ಯಾವಾಗಲೂ ಹಾಸ್ಯ, ದಪ್ಪ, ಅಂಚು ಒಡೆದದ್ದು. ಅಂದು ಏನೂ ಅನ್ನಲಿಲ್ಲ. ಹೊಸ ಮಣ್ಣಿನ ಪಕ್ಕ ಕುಳಿತು, ಮುರಿದು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ನೋಡಿ ತಿಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಪಕ್ಕದಲ್ಲಿ ಕುಳಿತೆ.

ತಿಂದಾದ ಮೇಲೆ ಹೇಳಿದಳು. "ಒಂದ ಮಾತು ನಡಸಿಕೊಡು. ದಿನಾ ಒಂದ್ ಹೊತ್ತರ ಕಟಗಿ ಒಲಿ ಹಚ್ಚು."

ಹಚ್ಚಿದೆ. ಬೆಳಿಗ್ಗೆ ಶಾಲೆಯ ಅವಸರಕ್ಕೆ ಸ್ಟೋ, ಸಂಜೆ ಹತ್ತಿಕಟ್ಟಿಗೆಯ ಒಲೆ. ಕಣ್ಣು ಉರಿಸಿಕೊಂಡು, ಬೈದುಕೊಂಡು, ಆದರೂ ಹಚ್ಚಿದೆ. ಸಂಜೆ ಹಿಮ್ಮಡಿಯ ಸದ್ದು ನಮ್ಮ ಕಿಂಡಿಯ ಹತ್ತಿರ ಬಂದು ನಿಲ್ಲುವುದು, ಹೊಗೆ ಕಂಡಿತೋ, ಮುಂದೆ ಹೋಗುವುದು.

ಅವಳ ತಪ್ಪು ಹೇಳುತ್ತೇನೆಂದಿದ್ದೆ. ಮನೆ ನಮ್ಮದಾದ ಮೇಲೆ ನಾನು ಮೊದಲು ಮಾಡಿಸಿದ್ದು ಹಿತ್ತಲಲ್ಲಿ ಒಂದು ಪಾಯಖಾನೆ. ಮನೆಯೊಳಗೆ ಇಂಥದ್ದು ತಂದರೆ ಗೋಡೆ ಬುಡ ಹಿಡಿಯುವುದಿಲ್ಲ ಎಂದು ಆಯಿ ಹಾರಾಡಿದಳು. ನಾನು ಕೇಳಲಿಲ್ಲ. ಮನೆ ಅವಳ ಕೃಪೆಯಿಂದ ಬಂದಿರಬಹುದು, ಕೆರೆ ಕಡೆಗೆ ಕತ್ತಲಾಗುವುದನ್ನು ಕಾದು ಹೋಗುತ್ತಿದ್ದವಳು ನಾನು. ಒಂದು ಮಳೆಗಾಲ ಪೂರ್ತಿ ಅವಳು ನಮ್ಮ ಹಿತ್ತಲ ಕಡೆಯ ಮಾಳಿಗೆಗೆ ಕಾಲಿಡಲಿಲ್ಲ. ಕೆಲವು ವರ್ಷ ಕಳೆದು ಮೊಣಕಾಲು ಹಿಡಿದುಕೊಂಡಾಗ ಸೊಸೆಯ ಕೈ ಹಿಡಿದು ಕೆಳಗಿನ ಬಾಗಿಲಿನಿಂದ ಬಂದಳು, ಕೈಯಲ್ಲಿ ತಂಬಿಗೆ. ಹೊರಗೆ ಬಂದ ಮೇಲೆ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ, "ಗ್ವಾಡಿ ಇನ್ನೂ ನಿಂತೈತಿ ಅಲ್ಲವಾ" ಎಂದಳು. ಅದೇ ಅವಳು ತಪ್ಪೊಪ್ಪಿಕೊಂಡ ರೀತಿ. ಆಮೇಲೆ ದಿನವೂ ಬಂದಳು.

ಏಣಿ ಹತ್ತಲಾಗದ ಮೇಲೆ ಅವಳ ಲೋಕ ಸಣ್ಣದಾಯಿತು. ಕೂಡುಗೋಡೆಗೆ ಹತ್ತಿಕೊಂಡ ಮಂಚದ ಮೇಲೆ ಮಲಗಿ, ಸಂಜೆಯಾದರೆ ಸೊಸೆಯನ್ನು ಕೇಳುವಳು, "ಅಕ್ಕೋರ ಮನ್ಯಾಗ ಹೊಗಿ ಬಂತೇನ್ ನೋಡು." ಸೊಸೆ ಹೋಗಿ ನೋಡದೆಯೇ ಬಂತು ಎನ್ನುತ್ತಿದ್ದಳಂತೆ. ಅದು ಆಯಿಗೆ ಗೊತ್ತಾಗಿ ಬೈಸಿಕೊಂಡಳಂತೆ.

ಅವಳ ಹಿರಿಯ ಮಗ ಮಾತ್ರ ನಮ್ಮೊಡನೆ ಮಾತು ಬಿಟ್ಟಿದ್ದ. ಜಗಳವಿಲ್ಲ, ಎದುರಾದರೆ ತಲೆ ಆಡಿಸಿ ಹೋಗುವನು, ಅಷ್ಟೇ. ಚೀಲಗಳಿಗೆಂದು ಊರ ಹೊರಗೆ ತಗಡಿನ ಕೋಠಿ ಹಾಕಿಸಿದ್ದ. ಅದರಲ್ಲಿ ಬಿಸಿಲಿಗೆ ಮೆಣಸಿನಕಾಯಿಯ ಬಣ್ಣ ಇಳಿಯುತ್ತಿತ್ತೆಂದು ಜನ ಹೇಳುತ್ತಿದ್ದರು. ಅದನ್ನು ಕೇಳಿದಾಗೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಆಯಿ ತೀರಿಕೊಂಡದ್ದು ಬೇಸಿಗೆಯ ಕೊನೆಗೆ, ಮಾಳಿಗೆಗಳಿಗೆ ಮಣ್ಣು ಬೀಳುವುದಕ್ಕೆ ಸ್ವಲ್ಪ ಮುಂಚೆ. ಬಹಳ ಜನ ಬಂದಿದ್ದರು. ಅವರಲ್ಲಿ ಎಷ್ಟೋ ಜನ ಅವಳು ಬೆನ್ನು ಹಚ್ಚಿ ಕುಳಿತು ನೋಡಿಕೊಟ್ಟ ಮನೆಗಳಲ್ಲಿ ಇದ್ದವರು. ಮಣ್ಣು ಮಾಡಿ ಬಂದ ಮೇಲೆ ನಾನು ಸಂಜೆಯ ಒಲೆ ಹಚ್ಚುವುದನ್ನು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಕಟ್ಟಿಗೆ ಕೈಗೆತ್ತಿಕೊಂಡರೆ, ಯಾರು ನೋಡಬೇಕು ಎನಿಸುತ್ತಿತ್ತು, ಸ್ಟೋ ಹಚ್ಚುತ್ತಿದ್ದೆ.

ಮುಗಿಲು ಕಟ್ಟತೊಡಗಿತ್ತು. ನಮ್ಮ ಮಾಳಿಗೆಗೆ ಆಳುಗಳು ಮಣ್ಣು ಹಾಕಿ ಹೋಗಿದ್ದರು. ಕೂಡುಗೋಡೆಯ ಮೇಲಿನ ಪಟ್ಟಿಯನ್ನು ಅವರು ಮುಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಅದನ್ನು ನಾವು ಮಾಡಿದರೆ ಆ ಮನೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚ. ಮಾಡದಿದ್ದರೆ ಮೊದಲ ಮಳೆಗೇ ಎರಡೂ ಮನೆಗೆ ನೀರು ಎಂದೂ ಗೊತ್ತಿತ್ತು.

ಸಂಜೆ ಅಡಿಗೆಮನೆಯಲ್ಲಿ ಕುಳಿತು ಪಲ್ಯ ಹೆಚ್ಚುತ್ತಿದ್ದೆ. ಮಾಳಿಗೆಯ ಮೇಲೆ ಹಿಮ್ಮಡಿಯ ಸದ್ದಾಯಿತು. ಎರಡು ಹೆಜ್ಜೆ, ನಿಂತದ್ದು, ಮತ್ತೆ ಅಲ್ಲೇ ಕುಟ್ಟಿದ್ದು. ಈಳಿಗೆಯ ಮೇಲೆ ನನ್ನ ಕೈ ನಿಂತಿತು. ಆಮೇಲೆ ಬುಟ್ಟಿ ಸುರಿದ ಸದ್ದು, ನೀರು ಚಿಮುಕಿಸಿದ್ದು, ಹಲಗೆಯಿಂದ ಬಡಿಯುವ ಸದ್ದು, ಸರಿಯಾಗಿ ಕೂಡುಗೋಡೆಯ ನೆತ್ತಿಯ ಮೇಲೆ. ಬಹಳ ಹೊತ್ತು ಬಡಿಯಿತು. ಈ ತುದಿಯಿಂದ ಆ ತುದಿಯವರೆಗೆ.

ಅಡಿಗೆಮನೆ ಕತ್ತಲಾಯಿತು. ಕಿಂಡಿಯಲ್ಲಿ ಹಿರಿಯ ಮಗನ ಮುಖ, ಗಡ್ಡದ ತುಂಬ ಸವಳು ಮಣ್ಣು.

"ಅಕ್ಕೋರ, ಒಳಗ ಅದೀರೇನ್ರಿ?"

"ಅದೀನ್ರಿ."

ಅವನು ಗಡ್ಡದ ಮಣ್ಣು ಒರೆಸಿಕೊಂಡ. ಇಷ್ಟು ವರ್ಷ ಆಡದ ಮಾತು ಎಲ್ಲಿಂದ ಶುರುಮಾಡಬೇಕೋ ಅವನಿಗೂ ತಿಳಿಯದಿರಬೇಕು.

"ಹೊಗಿ ಕಾಣವಲ್ದಲ್ರಿ" ಎಂದ.

"ಹಚ್ಚತೀನ್ರಿ" ಎಂದೆ.

ಸ್ಟೋ ಪಕ್ಕಕ್ಕೆ ಸರಿಸಿದೆ. ಒಲೆಯ ಬೂದಿ ತೆಗೆದು, ಹತ್ತಿಕಟ್ಟಿಗೆ ಮುರಿದು ಹಾಕಿ, ಮೇಲೊಂದು ಕುಳ್ಳಿಟ್ಟು ಕಡ್ಡಿ ಗೀರಿದೆ. ಹೊಗೆ ಎದ್ದು, ತೊಲೆ ಸುತ್ತಿ, ಕಿಂಡಿ ಮುಟ್ಟುವವರೆಗೂ ಅವನು ಅಲ್ಲೇ ಇದ್ದ. ಆಮೇಲೆ ಕೆಮ್ಮುತ್ತ ಮುಖ ಆ ಕಡೆ ಸರಿಸಿದ, ಅಡಿಗೆಮನೆಗೆ ಬೆಳಕು ಬಂತು.